ಶಿಖರದ ಹಿಂದಿನ ರಾತ್ರಿಯ ಬಗ್ಗೆಯೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ದಂಪತಿಯ ಶಿಖರ ಚಾರಣದ ಅನುಭವ ಬರಹವನ್ನು ಆಸಕ್ತಿಯಿಂದ ಓದಿದೆ. ನಾನೂ ನನ್ನ ಪತ್ನಿಯೂ ಹಲವು ವರ್ಷಗಳಿಂದ ಜೊತೆಯಾಗಿ ಬೆಟ್ಟಗಳಲ್ಲಿ ನಡೆಯುತ್ತ ಬಂದವರಾದ್ದರಿಂದ, ಏದುಸಿರು ಬಿಡುತ್ತ ಹತ್ತಿದ ಕಡೆಯ ಏರನ್ನೂ ಮೇಲೆ ನಿಂತಾಗ ಆದ ಸಂತೋಷವನ್ನೂ ಲೇಖಕರು ಬಣ್ಣಿಸಿದ ರೀತಿ ನಮ್ಮಿಬ್ಬರಿಗೂ ಹಿಡಿಸಿತು. ಆದರೆ ಅರ್ಧ ಪುಟಕ್ಕೂ ಮಿಕ್ಕಿದ ಆ ಬರಹದಲ್ಲಿ, ಶಿಖರದ ಕೆಳಗಿನ ತಂಗುಮನೆಯಲ್ಲಿ ಅವರು ಕಳೆದ ರಾತ್ರಿಗೆ ಸಿಕ್ಕಿದ್ದು ಒಂದೇ ಒಂದು ವಾಕ್ಯ: ಅಲ್ಲಿ ಉಳಿದುಕೊಂಡು ಬೆಳಗಿನ ಜಾವ ಎದ್ದು ಹೊರಟರು ಎಂಬುದಷ್ಟೆ. ಇದು ಆ ಒಂದು ಬರಹದ ಕೊರತೆಯೆಂದು ಹೇಳಲಾರೆ. ಚಾರಣದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬಹುತೇಕ ಬರಹಗಳು ಶಿಖರದ ಮೇಲೆ ತೆಗೆಸಿಕೊಂಡ ಚಿತ್ರದ ಸುತ್ತ ಹೆಣೆದವುಗಳೇ. ಅವುಗಳನ್ನು ಓದಿ ಮುಂದಿನ ರಜೆಗೆ ತಾವೂ ಹೊರಡಲು ಸಿದ್ಧರಾಗುವ ದಂಪತಿಗಳು ಅನೇಕರಿರುವುದರಿಂದ, ಬಿಟ್ಟುಹೋದ ಆ ರಾತ್ರಿಯ ಕುರಿತು ಬರೆಯಬೇಕೆನಿಸಿತು. ಗುಂಪಿಲ್ಲದೆ ಇಬ್ಬರೇ ಹೋಗುವವರ ಮಟ್ಟಿಗೆ ಇಡೀ ಚಾರಣದ ಗತಿಯನ್ನು ನಿರ್ಧರಿಸುವ ಜಾಗ ಆ ತಂಗುಮನೆಯೇ ಎಂಬುದು ನನ್ನ ಅಭಿಪ್ರಾಯ.

ಬೆಟ್ಟದ ಮೇಲೆ ಮೊದಲು ಇಂಥ ಮನೆಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಪ್ರವಾಸಿಗರ ಸುಖವಿರಲಿಲ್ಲ. ಸ್ವಿಟ್ಜರ್ಲೆಂಡಿನ ಪರ್ವತಾರೋಹಿಗಳ ಸಂಘವಾದ ಸ್ವಿಸ್ ಆಲ್ಪೈನ್ ಕ್ಲಬ್ ಹುಟ್ಟಿದ್ದು 1863ರಲ್ಲಿ; ಅದೇ ವರ್ಷ ಅದು ಟೋಡಿ ಪರ್ವತದ ಇಳಿಜಾರಿನ ಗ್ರ್ಯೂನ್‌ಹಾರ್ನ್ ಎಂಬಲ್ಲಿ ತನ್ನ ಮೊದಲ ತಂಗುಮನೆಯನ್ನು ಕಟ್ಟಿತು. ಕಣಿವೆಯಿಂದ ಹೊರಟು, ಶಿಖರ ಮುಟ್ಟಿ, ಹಗಲಿರುವಾಗಲೇ ಮರಳುವುದು ಸಾಧ್ಯವಿಲ್ಲದ ಪರ್ವತಗಳಲ್ಲಿ ದಾರಿಯನ್ನು ಎರಡು ತುಂಡು ಮಾಡಿಕೊಳ್ಳುವುದೊಂದೇ ಉಪಾಯವಾಗಿತ್ತು. ಇಂದು ಆ ಒಂದು ಕ್ಲಬ್ಬಿನ ಬಳಿಯೇ ಸುಮಾರು 150 ತಂಗುಮನೆಗಳಿವೆ. ಇಟಲಿ ಮತ್ತು ಸ್ವಿಟ್ಜರ್ಲೆಂಡಿನ ಗಡಿಯಲ್ಲಿ, ಮಾಂಟೆ ರೋಸಾ ಪರ್ವತಸಮೂಹದ ಒಂದು ಶಿಖರದ ನೆತ್ತಿಯ ಮೇಲೆಯೇ, 4554 ಮೀಟರ್ ಎತ್ತರದಲ್ಲಿ ನಿಂತಿರುವ ಮಾರ್ಗರೀಟಾ ತಂಗುಮನೆ 1893ರಲ್ಲಿ ಆರಂಭವಾಯಿತು. ಎತ್ತರದ ತೆಳುಗಾಳಿ ಮನುಷ್ಯನ ದೇಹವನ್ನು ಹೇಗೆ ಬಾಧಿಸುತ್ತದೆ ಎಂಬುದರ ಆರಂಭಕಾಲದ ಪ್ರಯೋಗಗಳನ್ನು ಆಂಜೆಲೊ ಮೊಸ್ಸೊ ಎಂಬ ಶರೀರವಿಜ್ಞಾನಿ ನಡೆಸಿದ್ದು ಅಲ್ಲಿಯೇ. ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆ ನೋಡಿಕೊಳ್ಳುವ 950ಕ್ಕೂ ಹೆಚ್ಚು ತಂಗುಮನೆಗಳಲ್ಲಿ ಎಷ್ಟೋ ಮನೆಗಳು ಮೂಲತಃ ಜಿಂಕೆಗಳ ಹಾವಳಿ ತಗ್ಗಿಸಲು ಕಾಡಿಗೆ ಕಳುಹಿಸುತ್ತಿದ್ದ ಸರ್ಕಾರಿ ಬೇಟೆಗಾರರಿಗಾಗಿ ಎದ್ದವು. ಒಂದೊಂದು ದೇಶದಲ್ಲಿ ಒಂದೊಂದು ಕಾರಣಕ್ಕೆ ಕಟ್ಟಿದರೂ, ಎಲ್ಲ ಕಡೆಯೂ ಅವು ನಿಂತಿರುವುದು ಮನುಷ್ಯನ ಕಾಲಿನ ಮಿತಿಗೆ ತಕ್ಕ ಅಂತರದಲ್ಲಿ.

ಆ ಮಿತಿಯನ್ನು ಅಂದಾಜು ಮಾಡಲು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ ಸರಳವಾದ ಒಂದು ಲೆಕ್ಕ ಕೊಟ್ಟರು. ಮೀಟರುಗಳಿಗೆ ಹೊಂದಿಸಿ ಹೇಳುವುದಾದರೆ, ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಸೇರಿಸಬೇಕು. ಹತ್ತು ಕಿಲೋಮೀಟರ್ ದೂರ ಮತ್ತು 1500 ಮೀಟರ್ ಏರಿಕೆಯ ಒಂದು ಶಿಖರವನ್ನು ಊಹಿಸಿಕೊಳ್ಳಿ. ನಡಿಗೆಗೆ ಎರಡು ಗಂಟೆ, ಏರಿಕೆಗೆ ಎರಡೂವರೆ, ಒಟ್ಟು ನಾಲ್ಕೂವರೆ ಗಂಟೆ. ಆದರೆ ಇದು ಗಟ್ಟಿಮುಟ್ಟಾದವರು ಎಲ್ಲಿಯೂ ನಿಲ್ಲದೆ ಹತ್ತಿದಾಗಿನ ಲೆಕ್ಕ. ಬೆನ್ನಿನ ಚೀಲದ ಭಾರ, ನೀರು ಕುಡಿಯಲು ಕೂರುವುದು, ಚಿತ್ರ ತೆಗೆಯುವುದು, ಇಬ್ಬರಲ್ಲಿ ನಿಧಾನದವರ ಹೆಜ್ಜೆಗೆ ಹೊಂದಿಕೊಳ್ಳುವುದು ಇವೆಲ್ಲ ಸೇರಿದರೆ ಅದು ಸುಲಭವಾಗಿ ಏಳು ಗಂಟೆಯಾಗುತ್ತದೆ. ಇಳಿಯುವುದಕ್ಕೆ ನಾಲ್ಕೈದು ಗಂಟೆ ಕೂಡಿಸಿದರೆ ಹಗಲು ಮುಗಿದೇಹೋಯಿತು. ಏನಾದರೊಂದು ತಪ್ಪಿದರೆ ಸರಿಪಡಿಸಿಕೊಳ್ಳಲು ಒಂದು ಗಂಟೆಯೂ ಕೈಯಲ್ಲಿ ಉಳಿಯುವುದಿಲ್ಲ. ಅದೇ ದಾರಿಯಲ್ಲಿ ಆರು ಕಿಲೋಮೀಟರ್ ದೂರಕ್ಕೆ, 900 ಮೀಟರ್ ಏರಿದ ಮೇಲೆ ಒಂದು ತಂಗುಮನೆಯಿದ್ದರೆ, ಮರುದಿನಕ್ಕೆ ಉಳಿಯುವುದು ನಾಲ್ಕು ಕಿಲೋಮೀಟರ್ ಮತ್ತು 600 ಮೀಟರ್ ಮಾತ್ರ. ನೇಸ್ಮಿತ್ ಲೆಕ್ಕದಲ್ಲಿ ಅದು ಎರಡು ಗಂಟೆಯೊಳಗಿನ ಕೆಲಸ. ಹಗುರ ಚೀಲದೊಂದಿಗೆ ನಿಧಾನವಾಗಿ ಹತ್ತಿದರೂ ಮೂರು ಗಂಟೆ. ಸ್ವಿಟ್ಜರ್ಲೆಂಡಿನ ಕಾಲುದಾರಿಗಳ ಹಳದಿ ಫಲಕಗಳ ಮೇಲೆ ಕಿಲೋಮೀಟರುಗಳಿಗೆ ಬದಲಾಗಿ ನಡಿಗೆಯ ಸಮಯವನ್ನು ಬರೆದಿರುತ್ತಾರೆ. ಬೆಟ್ಟದಲ್ಲಿ ದೂರವನ್ನು ಅಳೆಯುವ ಸರಿಯಾದ ಕ್ರಮ ಅದೇ ಎಂದು ನನಗನಿಸುತ್ತದೆ.

ಬೆಳಗಿನ ಜಾವಕ್ಕೇ ಹೊರಡುವುದು ಸೂರ್ಯೋದಯದ ಚೆಲುವಿಗಾಗಿ ಎಂದು ಅನೇಕರು ತಿಳಿದಿದ್ದಾರೆ. ಅದು ಸಿಕ್ಕರೆ ಲಾಭವೇ. ಆದರೆ ಕಾರಣ ಬೇರೆ. ಬೇಸಿಗೆಯ ದಿನಗಳಲ್ಲಿ ಬಿಸಿಲಿಗೆ ಕಾದ ನೆಲದಿಂದ ಮೇಲೇರುವ ತೇವಗಾಳಿ ಮಧ್ಯಾಹ್ನದ ಹೊತ್ತಿಗೆ ಶಿಖರಗಳ ಮೇಲೆ ಗುಡುಗು ಮೋಡಗಳಾಗಿ ಕಟ್ಟಿಕೊಳ್ಳುತ್ತದೆ, ಮತ್ತು ಆ ಹೊತ್ತಿನಲ್ಲಿ ಬೆಟ್ಟದ ಎತ್ತರದ ಅಂಚಿನ ಮೇಲೆ ನಿಂತ ಮನುಷ್ಯನೇ ಸುತ್ತಲಿನಲ್ಲೆಲ್ಲ ಎತ್ತರದ ವಸ್ತುವಾಗಿರುತ್ತಾನೆ. ಹಿಮವಿರುವ ಪರ್ವತಗಳಲ್ಲಿ ರಾತ್ರಿಯ ಚಳಿಗೆ ಗಟ್ಟಿಯಾದ ಮೇಲ್ಪದರ ಬಿಸಿಲೇರಿದಂತೆ ಮೆದುವಾಗಿ ಕಾಲು ಹೂಳತೊಡಗುತ್ತದೆ; ಮಂಜುಗಡ್ಡೆ ಕಚ್ಚಿ ಹಿಡಿದಿದ್ದ ಕಲ್ಲುಗಳು ಸಡಿಲಗೊಂಡು ಉರುಳುತ್ತವೆ. ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತವನ್ನು ಏರುವ ಸಾಮಾನ್ಯ ಮಾರ್ಗದಲ್ಲಿ, 3835 ಮೀಟರ್ ಎತ್ತರದ ಗೂಟೆ ತಂಗುಮನೆಗೆ ಮೊದಲು ದಾಟಬೇಕಾದ ಕಲ್ಲುಬೀಳುವ ಓಣಿ ಇದೇ ಕಾರಣಕ್ಕೆ ಕುಖ್ಯಾತವಾಗಿದೆ. 2022ರ ಆಗಸ್ಟಿನಲ್ಲಿ ಬಿಸಿಯಲೆಯಿಂದಾಗಿ ಕಲ್ಲುಗಳು ಎಡೆಬಿಡದೆ ಉರುಳತೊಡಗಿದಾಗ, ಏರುವವರನ್ನು ತಡೆಯಲು ಅಲ್ಲಿನ ಆಡಳಿತ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ ದಾರಿಯ ತಂಗುಮನೆಗಳನ್ನೇ ಮುಚ್ಚಿಸಿದ್ದು. ಮಲಗಲು ಜಾಗವಿಲ್ಲವೆಂದರೆ ಮೇಲಕ್ಕೆ ಹೋಗುವವರೂ ಇರುವುದಿಲ್ಲ ಎಂಬುದು ಅಲ್ಲಿಯವರಿಗೆ ಚೆನ್ನಾಗಿ ತಿಳಿದಿತ್ತು.

ಜಪಾನಿನವರು ಇದೇ ವಿಷಯವನ್ನು ಇನ್ನೊಂದು ಬದಿಯಿಂದ ಕಲಿತರು. 3776 ಮೀಟರ್ ಎತ್ತರದ ಫ್ಯೂಜಿ ಪರ್ವತಕ್ಕೆ ಸಂಜೆ ಕೆಳಗಿನಿಂದ ಹೊರಟು, ಎಲ್ಲಿಯೂ ಮಲಗದೆ ರಾತ್ರಿಯಿಡೀ ಹತ್ತಿ, ಸೂರ್ಯೋದಯಕ್ಕೆ ನೆತ್ತಿ ಸೇರಿ, ಹಾಗೆಯೇ ಇಳಿದುಬಿಡುವ ಪದ್ಧತಿಯೊಂದು ಅಲ್ಲಿ ಹಬ್ಬಿತ್ತು. ಬಳಲಿ ದಾರಿಯ ಪಕ್ಕದಲ್ಲೇ ಮುದುಡಿ ಮಲಗುವವರು, ಚಳಿಗೆ ಸಿಕ್ಕವರು, ತಲೆನೋವು ವಾಂತಿಯಿಂದ ಕಂಗೆಟ್ಟವರು ಹೆಚ್ಚಾದಾಗ, 2024ರಲ್ಲಿ ಆ ಪರ್ವತ ಏರುವ ದಾರಿಗಳಲ್ಲಿ ಒಂದಾದ ಯೋಶಿದಾ ದಾರಿಗೆ ಗೇಟು ಹಾಕಿ, ಸಂಜೆ 4ರಿಂದ ಬೆಳಗಿನ ಜಾವ 3ರವರೆಗೆ ತಂಗುಮನೆಯಲ್ಲಿ ಜಾಗ ಕಾಯ್ದಿರಿಸಿದವರನ್ನು ಮಾತ್ರ ಒಳಗೆ ಬಿಡುವ ನಿಯಮ ತಂದರು. ಮರುವರ್ಷ ಗೇಟು ಮುಚ್ಚುವ ಸಮಯವನ್ನು ಮಧ್ಯಾಹ್ನ 2ಕ್ಕೆ ಹಿಂದೆ ತಂದು ನಿಯಮವನ್ನು ಇನ್ನಷ್ಟು ಬಿಗಿ ಮಾಡಿದರು. ಮಲೇಷ್ಯಾದ 4095 ಮೀಟರ್ ಎತ್ತರದ ಕಿನಬಾಲು ಪರ್ವತದಲ್ಲಿ ಮಾರ್ಗದರ್ಶಿ ಕಡ್ಡಾಯ. ಸುಮಾರು 3270 ಮೀಟರಿನಲ್ಲಿರುವ ತಂಗುಮನೆಯಲ್ಲಿ ಮಲಗಿ ನಡುರಾತ್ರಿಯ ನಂತರ ಹೊರಡುವವರು, ಮೇಲಿನ ತಪಾಸಣಾ ಠಾಣೆಯನ್ನು ನಿಗದಿತ ಸಮಯದೊಳಗೆ ಮುಟ್ಟದಿದ್ದರೆ ಅಲ್ಲಿಂದಲೇ ವಾಪಸಾಗಬೇಕು. ಇಂಥ ನಿಯಮಗಳನ್ನು ಸ್ವಾತಂತ್ರ್ಯಕ್ಕೆ ಅಡ್ಡಿಯೆಂದು ದೂರುವ ಚಾರಣಿಗರನ್ನು ನಾನು ಬಲ್ಲೆ. ಗೇಟು ಇಲ್ಲದ ಬೆಟ್ಟಗಳಲ್ಲಿ ಆ ಗೇಟನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಎತ್ತರದ ಪರ್ವತಗಳಲ್ಲಿ ರಾತ್ರಿ ಉಳಿಯುವುದರಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. 3000 ಮೀಟರಿನಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಸಮುದ್ರಮಟ್ಟದಲ್ಲಿರುವಷ್ಟೇ, ಅಂದರೆ ಸುಮಾರು ಶೇ 21. ಆದರೆ ಗಾಳಿಯ ಒತ್ತಡ ಶೇ 70ರ ಆಸುಪಾಸಿಗೆ ಇಳಿದಿರುವುದರಿಂದ ಪ್ರತಿ ಉಸಿರಿನಲ್ಲಿ ಒಳಗೆ ಸೇರುವ ಆಮ್ಲಜನಕ ಕಡಿಮೆ. ಸುಮಾರು 2500 ಮೀಟರಿಗಿಂತ ಮೇಲೆ ಕಾಣಿಸಿಕೊಳ್ಳಬಹುದಾದ ಎತ್ತರದ ಕಾಯಿಲೆ ತಲುಪಿದ ತಕ್ಷಣ ಹಿಡಿಯುವುದಿಲ್ಲ. ತಲೆನೋವು, ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇವು ಸಾಮಾನ್ಯವಾಗಿ ಕೆಲವು ಗಂಟೆಗಳ ನಂತರ ಕಾಣಿಸಿಕೊಳ್ಳುತ್ತವೆ. ಅಂದರೆ ಮಧ್ಯಾಹ್ನ ತಂಗುಮನೆ ಮುಟ್ಟಿ ನಗುನಗುತ್ತ ಚಿತ್ರ ತೆಗೆಸಿಕೊಂಡವರು ರಾತ್ರಿ ಹತ್ತರ ಹೊತ್ತಿಗೆ ತಲೆ ಹಿಡಿದುಕೊಂಡು ಕೂತಿರಬಹುದು. ಒಂದೇ ಉಸಿರಿಗೆ ಶಿಖರಕ್ಕೆ ಹೋದವರಿಗೆ ಇದು ತಿಳಿಯುವುದು ಇನ್ನೂ ಎತ್ತರದಲ್ಲಿ, ಇನ್ನೂ ದಣಿದ ಮೇಲೆ. ತಂಗುಮನೆಯಲ್ಲಿ ಮಲಗಿದವರಿಗೆ ಬಾಗಿಲು, ಹೊದಿಕೆ ಮತ್ತು ಕೆಳಗಿಳಿಯುವ ತಿಳಿದ ದಾರಿ ಇರುವಲ್ಲಿಯೇ ತಿಳಿಯುತ್ತದೆ. ಹಾಗೆಂದು ಒಂದು ರಾತ್ರಿಯಲ್ಲಿ ದೇಹ ಎತ್ತರಕ್ಕೆ ಒಗ್ಗಿಬಿಡುತ್ತದೆಂದು ಯಾರೂ ಭ್ರಮಿಸಬಾರದು. 3000 ಮೀಟರಿನ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂದು ಪರ್ವತವೈದ್ಯರು ಹೇಳುತ್ತಾರೆ. ಕಾಯಿಲೆ ಹೆಚ್ಚುತ್ತಿದ್ದರೆ ಬೆಳಗಾಗಲೆಂದು ಕಾಯದೆ ಇಳಿಯಬೇಕು, ಅದಕ್ಕಿಂತ ಖಚಿತವಾದ ಮದ್ದಿಲ್ಲ. ತೂರಾಡುವ ನಡಿಗೆ, ಗೊಂದಲದ ಮಾತು, ಸುಮ್ಮನೆ ಕೂತಾಗಲೂ ನಿಲ್ಲದ ಏದುಸಿರು ಕಂಡರೆ ಅದು ಮಿದುಳಿಗೋ ಶ್ವಾಸಕೋಶಕ್ಕೋ ತಟ್ಟಿದೆ ಎಂದೇ ತಿಳಿಯಬೇಕು.

ಇನ್ನು ಇಬ್ಬರ ವಿಷಯ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಇದು.

ಅನುಭವಿ ಚಾರಣಿಗರು ಮೂವರಿಗಿಂತ ಕಡಿಮೆ ಜನರ ತಂಡವನ್ನು ಒಪ್ಪುವುದಿಲ್ಲ, ನಾಲ್ವರಿದ್ದರೆ ಇನ್ನೂ ಒಳ್ಳೆಯದೆನ್ನುತ್ತಾರೆ. ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರು ಅವರ ಬಳಿ ಕೂರಬೇಕು, ಮತ್ತೊಬ್ಬರು ಸಹಾಯ ತರಲು ಹೋಗಬೇಕು. ಇಬ್ಬರೇ ಇದ್ದಾಗ ಈ ಎರಡು ಕೆಲಸಗಳಲ್ಲಿ ಒಂದನ್ನು ಬಿಡಲೇಬೇಕಾಗುತ್ತದೆ; ಗಂಡ ಹೆಂಡತಿಯರ ನಡುವೆ ಅದು ಎಂಥ ಸಂಕಟದ ಆಯ್ಕೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮೊಬೈಲ್ ಇದೆಯಲ್ಲ ಎನ್ನುವವರು ಬೆಟ್ಟದ ಮಡಿಲುಗಳಲ್ಲಿ ಸಿಗ್ನಲ್ ಹೇಗಿರುತ್ತದೆ, ಚಳಿಯಲ್ಲಿ ಬ್ಯಾಟರಿ ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ನೋಡಿರಲಾರರು. ಇಬ್ಬರ ತಂಡಕ್ಕೆ ಇಲ್ಲದ ಆ ಮೂರನೆಯ ವ್ಯಕ್ತಿಯನ್ನು ಒದಗಿಸಿಕೊಡುವುದು ತಂಗುಮನೆ. ಅಲ್ಲಿ ಮೇಲ್ವಿಚಾರಕರಿದ್ದರೆ ನಾಳೆ ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ಅವರಿಗೆ ಹೇಳಬೇಕು. ದಾರಿಯ ಇಂದಿನ ಸ್ಥಿತಿ ಅವರಿಗೆ ತಿಳಿದಷ್ಟು ಯಾವ ನಕ್ಷೆಗೂ ತಿಳಿದಿರುವುದಿಲ್ಲ. ಮೇಲ್ವಿಚಾರಕರಿಲ್ಲದ ಮನೆಯಾದರೆ ಅಲ್ಲೊಂದು ಪುಸ್ತಕವಿರುತ್ತದೆ. ಹೆಸರು, ತಾರೀಖು, ಹೋಗುವ ದಿಕ್ಕು, ಮರಳುವ ದಾರಿ, ಎಷ್ಟು ಜನ ಎಂಬುದನ್ನು ಅದರಲ್ಲಿ ಬರೆಯಬೇಕು. ಅಲ್ಲಿ ಮಲಗದೆ ಮುಂದೆ ಸಾಗುವವರೂ ಬರೆಯಬೇಕು. ಹುಡುಕಲು ಬರುವವರು ಮೊದಲು ತೆರೆದು ನೋಡುವುದು ಆ ಪುಸ್ತಕವನ್ನೇ. ಅನೇಕರು ಅದನ್ನು ಅತಿಥಿಗಳ ಅಭಿಪ್ರಾಯ ಪುಸ್ತಕವೆಂದು ತಿಳಿದು ನೋಟ ಬಹಳ ಸುಂದರವಾಗಿದೆ ಎಂದಷ್ಟೇ ಬರೆದು ಹೋಗುತ್ತಾರೆ.

ರಾತ್ರಿ ಅದೇ ಮನೆಯಲ್ಲಿ ಮಲಗುವ ಇತರರೊಂದಿಗೆ ನಾಲ್ಕು ಮಾತಾಡಿ, ನಾಳೆ ಶಿಖರದ ಕಡೆಗೆ ಯಾರು ಯಾರು ಹೋಗುತ್ತಾರೆಂದು ತಿಳಿದುಕೊಂಡರೆ, ಇಬ್ಬರ ತಂಡ ತಾನಾಗಿಯೇ ಆರೇಳು ಜನರ ತಂಡವಾಗುತ್ತದೆ. ಅವರೊಂದಿಗೆ ಅಂಟಿಕೊಂಡೇ ನಡೆಯಬೇಕೆಂದಿಲ್ಲ. ಮುಂದೆಯೋ ಹಿಂದೆಯೋ ಅವರಿದ್ದಾರೆಂದು ನಮಗೂ, ನಾವಿದ್ದೇವೆಂದು ಅವರಿಗೂ ತಿಳಿದಿದ್ದರೆ ಸಾಕು. ದಂಪತಿಗಳು ಏಕಾಂತ ಬಯಸಿ ಬಂದಿರುತ್ತಾರೆ, ಆದ್ದರಿಂದ ಮೂಲೆಯೊಂದನ್ನು ಹಿಡಿದು ಕೂರುತ್ತಾರೆ. ಆಸೆ ಸಹಜವಾದುದೇ. ಬೆಟ್ಟದ ಮೇಲೆ ಅದನ್ನು ಒಂದು ಸಂಜೆಯ ಮಟ್ಟಿಗೆ ಬದಿಗಿಡುವುದು ಒಳ್ಳೆಯದು.

ಸಹಾಯ ಕೇಳುವ ಸಂಜ್ಞೆಯನ್ನೂ ಇಬ್ಬರೂ ಕಲಿತಿರಬೇಕು. 1894ರಷ್ಟು ಹಿಂದೆಯೇ ಆಲ್ಪ್ಸ್ ಪರ್ವತಗಳಿಗಾಗಿ ರೂಪಿಸಿದ ಆ ಸಂಜ್ಞೆ ಇಂದಿಗೂ ಬಳಕೆಯಲ್ಲಿದೆ: ಒಂದು ನಿಮಿಷದಲ್ಲಿ ಆರು ಬಾರಿ ಸೀಟಿ ಊದುವುದು ಅಥವಾ ಟಾರ್ಚ್ ಮಿನುಗಿಸುವುದು, ಒಂದು ನಿಮಿಷ ಬಿಡುವುದು, ಮತ್ತೆ ಆರು ಬಾರಿ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಬಾರಿ ಉತ್ತರಿಸುತ್ತಾರೆ. ಸೀಟಿ ಇಬ್ಬರ ಬಳಿಯೂ ಇರಬೇಕು. ಸೀಟಿಯೊಂದೇ ಅಲ್ಲ, ಹೆಡ್‌ಲ್ಯಾಂಪು, ನೀರು, ಬೆಚ್ಚನೆಯ ಒಂದು ಮೇಲಂಗಿ, ಮಳೆಯಂಗಿ, ದಾರಿಯ ನಕ್ಷೆ ಇವೆಲ್ಲವೂ ಇಬ್ಬರ ಚೀಲಗಳಲ್ಲಿಯೂ ಬೇರೆಬೇರೆಯಾಗಿ ಇರಬೇಕು. ದಂಪತಿಗಳು ಸಾಮಾನು ಹಂಚಿಕೊಳ್ಳುವಾಗ ಮನೆಯ ಲೆಕ್ಕದಲ್ಲಿಯೇ ಹಂಚಿಕೊಳ್ಳುತ್ತಾರೆ: ಟಾರ್ಚ್ ಇವರ ಬಳಿ, ಔಷಧಿ ಅವರ ಬಳಿ, ನೀರು ಇವರ ಬಳಿ. ಮಂಜು ಕವಿದು ಒಬ್ಬರಿಗೊಬ್ಬರು ಕಾಣದಾದರೆ ಈ ಹಂಚಿಕೆಯಿಂದ ಇಬ್ಬರಿಗೂ ಅರ್ಧರ್ಧ ಕಷ್ಟ ಬರುವುದಿಲ್ಲ, ಒಬ್ಬರಿಗೆ ಪೂರ್ತಿ ಕತ್ತಲೆ, ಇನ್ನೊಬ್ಬರಿಗೆ ಪೂರ್ತಿ ಬಾಯಾರಿಕೆ ಬರುತ್ತದೆ.

ನಡಿಗೆಯ ವೇಗದ ಬಗ್ಗೆ ಮನೆಮನೆಗಳಲ್ಲಿ ಜಗಳವಾಗುವುದನ್ನು ಕೇಳಿದ್ದೇನೆ. ಬಲವಿರುವವರು ಮುಂದೆ ಹೋಗಿ, ತಿರುವಿನಲ್ಲಿ ಕಾದು, ಹಿಂದಿನವರು ಬಂದು ಮುಟ್ಟಿದ ಕೂಡಲೇ ತಾವು ಎದ್ದು ಹೊರಡುತ್ತಾರೆ. ವಿಶ್ರಾಂತಿಯ ಅಗತ್ಯ ಹೆಚ್ಚಿರುವವರಿಗೆ ವಿಶ್ರಾಂತಿಯೇ ಸಿಗದಂತೆ ಮಾಡಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ನಿಧಾನದವರು ಮುಂದೆ ನಡೆಯಬೇಕು. ಮಾತಾಡುತ್ತ ಹತ್ತಲು ಆಗುವಷ್ಟೇ ವೇಗವಿರಬೇಕು. ಮಾತು ತುಂಡಾಗತೊಡಗಿದರೆ ವೇಗ ಹೆಚ್ಚಾಯಿತೆಂದು ಅರ್ಥ. ಎರಡು ದಿನದ ಯೋಜನೆಯಲ್ಲಿ ಮೊದಲ ದಿನದ ನಡಿಗೆಯೇ ಇದರ ಪರೀಕ್ಷೆಯಾಗುತ್ತದೆ. ಫಲಕದಲ್ಲಿ ಮೂರು ಗಂಟೆ ಎಂದು ಬರೆದ ದಾರಿಗೆ ನಮಗೆ ನಾಲ್ಕೂವರೆ ಗಂಟೆ ಹಿಡಿದಿದ್ದರೆ, ನಾಳೆಯ ಎರಡು ಗಂಟೆಯ ದಾರಿಗೆ ಮೂರು ಗಂಟೆ ಹಿಡಿಯುತ್ತದೆ. ಆಸೆಯ ಲೆಕ್ಕವನ್ನು ಬಿಟ್ಟು ಕಾಲಿನ ಲೆಕ್ಕವನ್ನು ಹಿಡಿದು ಸಮಯ ನಿಗದಿ ಮಾಡಲು ಅದು ನೆರವಾಗುತ್ತದೆ.

ಆ ನಿಗದಿಯನ್ನು ಮಾಡಬೇಕಾದ ಹೊತ್ತು ಹಿಂದಿನ ಸಂಜೆ. ಎಷ್ಟು ಗಂಟೆಗೆ ಹೊರಡುವುದು ಎಂಬುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಎಷ್ಟು ಗಂಟೆಯಾದಾಗ, ಶಿಖರ ಎಷ್ಟೇ ಹತ್ತಿರವಿದ್ದರೂ, ಹಿಂದಿರುಗುವುದು ಎಂಬುದನ್ನು ಮಾತಾಡುವವರು ಕಡಿಮೆ. ಶಿಖರದಿಂದ ಇನ್ನೂರು ಮೀಟರ್ ಕೆಳಗೆ, ಗಾಳಿಯಲ್ಲಿ ನಡುಗುತ್ತ ನಿಂತು, ಮೋಡ ಬರುತ್ತಿರುವುದನ್ನು ನೋಡುತ್ತ, ಒಬ್ಬರು ಹೋಗೋಣವೆಂದೂ ಇನ್ನೊಬ್ಬರು ಬೇಡವೆಂದೂ ಹೇಳುವಾಗ ಸರಿಯಾದ ತೀರ್ಮಾನ ಹುಟ್ಟುವುದಿಲ್ಲ. ಅಲ್ಲಿ ಹುಟ್ಟುವುದು ಹಟ, ಇಲ್ಲವೇ ದಾಕ್ಷಿಣ್ಯ. ನನಗೆ ಹೆಚ್ಚು ಭಯವಿರುವುದು ದಾಕ್ಷಿಣ್ಯದ ಬಗ್ಗೆ. ಇಷ್ಟು ದೂರ ಬಂದಿದ್ದಾರೆ, ನನ್ನಿಂದಾಗಿ ಅವರ ಆಸೆ ಕೆಡುವುದು ಬೇಡ ಎಂದು ತಲೆನೋವನ್ನೋ ಮಂಡಿನೋವನ್ನೋ ನುಂಗಿಕೊಂಡು ನಡೆಯುವವರು ದಂಪತಿಗಳಲ್ಲಿ ಸಿಗುವಷ್ಟು ಗೆಳೆಯರ ಗುಂಪಿನಲ್ಲಿ ಸಿಗುವುದಿಲ್ಲ. ಬೆಚ್ಚಗೆ ಕೂತ ಸಂಜೆಯಲ್ಲಿಯೇ ಗಡಿಯಾರದ ಒಂದು ಸಮಯವನ್ನು ಇಬ್ಬರೂ ಒಪ್ಪಿಕೊಂಡಿದ್ದರೆ, ಮರುದಿನ ಹಿಂದಿರುಗಲು ಹೇಳುವುದು ಗಡಿಯಾರ, ಗಂಡನೂ ಅಲ್ಲ ಹೆಂಡತಿಯೂ ಅಲ್ಲ. ಅದರ ಜೊತೆಗೆ ಇನ್ನೊಂದು ಒಪ್ಪಂದವೂ ಬೇಕು: ಇಬ್ಬರಲ್ಲಿ ಯಾರು ಸಾಕು ಎಂದರೂ ಕಾರಣ ಕೇಳದೆ, ಮನವೊಲಿಸದೆ, ಇಬ್ಬರೂ ಇಳಿಯಬೇಕು. ನೀನು ಇಲ್ಲೇ ಕೂತಿರು, ನಾನು ಹೋಗಿ ಮುಟ್ಟಿ ಬರುತ್ತೇನೆ ಎಂಬ ಮಾತು ಬಾಯಿಂದ ಬರಲೇಬಾರದು. ಕೂತವರಿಗೆ ಬೇಗ ಚಳಿ ಹತ್ತುತ್ತದೆ, ಹೋದವರು ಅವಸರ ಮಾಡುತ್ತಾರೆ, ಮಂಜು ಇಬ್ಬರ ನಡುವೆ ಇಳಿಯಲು ಹೆಚ್ಚು ಹೊತ್ತು ಬೇಡ.

ಈ ಮಾತು ಹವ್ಯಾಸಿಗಳಿಗಷ್ಟೇ ಅನ್ವಯಿಸುತ್ತದೆಂದು ತಿಳಿಯುವವರಿಗೆ ಇಟಲಿಯ ಪರ್ವತಾರೋಹಿ ನಿವೆಸ್ ಮೆರೋಯ್ ಮತ್ತು ಅವರ ಪತಿ ರೊಮಾನೊ ಬೆನೆಟ್ ಅವರ ಉದಾಹರಣೆ ಕೊಡಬಹುದು. 8000 ಮೀಟರಿಗಿಂತ ಎತ್ತರದ ಹದಿನಾಲ್ಕು ಶಿಖರಗಳನ್ನೂ ಏರಿದ ಮೊದಲ ಮಹಿಳೆಯಾಗುವ ಪೈಪೋಟಿಯಲ್ಲಿ ಮೆರೋಯ್ ಅವರ ಹೆಸರು ಮುಂಚೂಣಿಯಲ್ಲಿದ್ದ ಕಾಲದಲ್ಲಿ, 2009ರಲ್ಲಿ ಕಾಂಚನಜುಂಗಾದ ಮೇಲೆ ಬೆನೆಟ್ ಅಸ್ವಸ್ಥರಾದರು. ಮೆರೋಯ್ ಏರುವುದನ್ನು ನಿಲ್ಲಿಸಿ ಪತಿಯೊಂದಿಗೆ ಕೆಳಗಿಳಿದರು. ಅದು ತೀವ್ರವಾದ ರಕ್ತದ ಕಾಯಿಲೆಯೆಂದು ಆಮೇಲೆ ತಿಳಿಯಿತು, ಅಸ್ಥಿಮಜ್ಜೆಯ ಕಸಿ ಮಾಡಬೇಕಾಯಿತು. ಮೊದಲ ಮಹಿಳೆ ಎಂಬ ಹೆಸರು ಬೇರೆಯವರ ಪಾಲಾಯಿತು. ಚೇತರಿಸಿಕೊಂಡ ಬೆನೆಟ್ ಅವರೊಂದಿಗೆ 2014ರಲ್ಲಿ ಅವರು ಅದೇ ಕಾಂಚನಜುಂಗಾವನ್ನು ಏರಿದರು, 2017ರ ಮೇ ತಿಂಗಳಲ್ಲಿ ಅನ್ನಪೂರ್ಣಾ ಶಿಖರದೊಂದಿಗೆ ಹದಿನಾಲ್ಕನ್ನೂ ಜೊತೆಯಾಗಿ ಮುಗಿಸಿದ ಮೊದಲ ದಂಪತಿಯಾದರು. ಕೃತಕ ಆಮ್ಲಜನಕವನ್ನು ಅವರು ಎಲ್ಲಿಯೂ ಬಳಸಲಿಲ್ಲ. ಒಂದು ದಿನದ ಬೆಟ್ಟಕ್ಕೆ ಹೋಗಿ, ಸೋಲೆನಿಸುತ್ತದೆಂದು ಹಿಂದಿರುಗಲು ಹಿಂಜರಿಯುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಚಳಿಯ ವಿಚಾರದಲ್ಲಿ ಇಬ್ಬರಿರುವುದರ ಲಾಭವೂ ಇದೆ. ಎತ್ತರ ಪ್ರತಿ ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮೇಲೆ ಹೇಳಿದ 1500 ಮೀಟರ್ ಏರಿಕೆಯ ಶಿಖರದಲ್ಲಿ ಬುಡಕ್ಕಿಂತ ಸುಮಾರು ಹತ್ತು ಡಿಗ್ರಿ ಕಡಿಮೆ, ಅದರ ಮೇಲೆ ಗಾಳಿ. ಬೆವರಿನಿಂದ ಒದ್ದೆಯಾದ ಹತ್ತಿ ಬಟ್ಟೆ ಶಿಖರದಲ್ಲಿ ನಿಂತ ಹತ್ತು ನಿಮಿಷದಲ್ಲಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ದೇಹದ ಶಾಖ ಇಳಿಯತೊಡಗಿದವರಿಗೆ ತಮಗೇನಾಗುತ್ತಿದೆ ಎಂಬುದು ತಿಳಿಯುವುದಿಲ್ಲ. ಮಾತು ತೊದಲುವುದು, ಬೆರಳುಗಳು ಜಿಪ್ ಎಳೆಯಲಾರದೆ ತಡಕಾಡುವುದು, ಸಮತಟ್ಟಾದ ಜಾಗದಲ್ಲೂ ಎಡವುವುದು, ಕಾರಣವಿಲ್ಲದೆ ಸಿಡುಕುವುದು ಇವನ್ನು ಗುರುತಿಸಬೇಕಾದವರು ಜೊತೆಯಲ್ಲಿರುವವರು. ವರ್ಷಗಟ್ಟಲೆ ಜೊತೆಗೆ ಬಾಳಿದವರಿಗೆ ಈ ಬದಲಾವಣೆ ಬೇರೆ ಯಾರಿಗಿಂತಲೂ ಬೇಗ ಕಾಣಬೇಕು. ಸಿಡುಕುವುದನ್ನು ಎಂದಿನ ಸ್ವಭಾವವೆಂದು ತಳ್ಳಿಹಾಕದಿದ್ದರೆ ಸಾಕು.

ತಂಗುಮನೆಯ ಒಳಗಿನ ನಡವಳಿಕೆಯ ಬಗ್ಗೆಯೂ ಒಂದೆರಡು ಮಾತು. ಅಲ್ಲಿ ಇಬ್ಬರಿಗೆಂದು ಕೋಣೆ ಸಿಗುವುದು ಅಪರೂಪ. ಉದ್ದನೆಯ ಹಲಗೆ ಮಂಚದ ಮೇಲೆ ಅಪರಿಚಿತರ ಪಕ್ಕದಲ್ಲಿಯೇ ಹಾಸಿಗೆ. ಗೊರಕೆಯಿಂದ ತಪ್ಪಿಸಿಕೊಳ್ಳಲಾಗದು, ಕಿವಿಗೆ ಬೆಣೆ ಒಯ್ಯುವುದೊಂದೇ ದಾರಿ. ಬೂಟುಗಳನ್ನು ಹೊರಗೆ ಬಿಡಬೇಕು, ಹೊದಿಕೆಗಳು ಎಲ್ಲರವೂ ಆದ್ದರಿಂದ ಒಳಗೆ ಹಾಸಿಕೊಳ್ಳಲು ತಮ್ಮದೇ ತೆಳು ಮಲಗುಚೀಲ ಒಯ್ಯಬೇಕು. ಆಲ್ಪ್ಸ್‌ನ ಮನೆಗಳಲ್ಲಿ ರಾತ್ರಿ 10ರ ನಂತರ ಸದ್ದು ಮಾಡುವಂತಿಲ್ಲ. ಆದರೆ ನಿದ್ದೆ ಕೆಡಿಸುವವರು ರಾತ್ರಿ ಹರಟುವವರಿಗಿಂತ ಹೆಚ್ಚಾಗಿ ಬೆಳಗಿನ ಜಾವ ಮೂರಕ್ಕೆ ಎದ್ದು ಪ್ಲಾಸ್ಟಿಕ್ ಚೀಲಗಳನ್ನು ಕರಕರ ಎನ್ನಿಸುತ್ತ ಗಂಟು ಕಟ್ಟುವವರು, ಮತ್ತು ಹಣೆಗೆ ಕಟ್ಟಿದ ದೀಪವನ್ನು ಮಲಗಿದವರ ಮುಖಕ್ಕೆ ಹಾಯಿಸುವವರು. ಚೀಲವನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟರೆ ಇಬ್ಬರು ಸದ್ದಿಲ್ಲದೆ ಹೊರಬೀಳಬಹುದು. ನೀರನ್ನು ಬಹುತೇಕ ಕಡೆ ಹಿಮ ಕರಗಿದ ತೊರೆಯಿಂದಲೋ ಸೂರಿನ ಮಳೆನೀರಿನಿಂದಲೋ ಕೂಡಿಸಿಟ್ಟಿರುತ್ತಾರೆ, ಸಾಮಾನುಗಳು ಮನುಷ್ಯರ ಬೆನ್ನ ಮೇಲೋ ಹೆಲಿಕಾಪ್ಟರಿನಲ್ಲೋ ಬಂದಿರುತ್ತವೆ. ಹೀಗಿರುವಾಗ ಸ್ನಾನಕ್ಕೆ ಬಿಸಿನೀರಿಲ್ಲವೆಂದು ಗೊಣಗುವುದು ಸಲ್ಲದು, ನಮ್ಮ ಕಸ ನಮ್ಮ ಚೀಲದಲ್ಲೇ ಕೆಳಗಿಳಿಯಬೇಕು. ಜಾಗ ಕಾಯ್ದಿರಿಸಿ ಹೋಗಲಾಗದಿದ್ದರೆ ತಪ್ಪದೆ ತಿಳಿಸಬೇಕು. ಹೋಟೆಲಿನವರು ಇನ್ನೊಬ್ಬ ಗಿರಾಕಿಗೆ ಕೋಣೆ ಕೊಟ್ಟು ಸುಮ್ಮನಾಗುತ್ತಾರೆ. ಬೆಟ್ಟದ ಮೇಲಿನವರು ಕತ್ತಲಾದ ಮೇಲೂ ಬಾರದ ಇಬ್ಬರನ್ನು ಎಲ್ಲಿ ಹುಡುಕುವುದೆಂದು ಚಿಂತಿಸುತ್ತಾರೆ.

ಇಳಿಯುವುದರ ಬಗ್ಗೆ ನಮ್ಮ ಬರಹಗಳು ಇನ್ನೂ ಮೌನ. ಜಾರಿ ಬೀಳುವ ಪ್ರಸಂಗಗಳಲ್ಲಿ ಹೆಚ್ಚಿನವು ಇಳಿಯುವಾಗಲೇ ಆಗುತ್ತವೆ: ತೊಡೆಯ ಸ್ನಾಯುಗಳು ಪ್ರತಿ ಹೆಜ್ಜೆಯಲ್ಲೂ ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗಿ ಬೇಗ ಸೋಲುತ್ತವೆ, ಮುಟ್ಟಬೇಕಾದದ್ದನ್ನು ಮುಟ್ಟಿಯಾಯಿತೆಂದು ಮನಸ್ಸೂ ಸಡಿಲವಾಗಿರುತ್ತದೆ. ಶಿಖರದಿಂದ ತಂಗುಮನೆಗೆ ಇಳಿದು, ಬಿಟ್ಟುಹೋದ ಸಾಮಾನು ಕೂಡಿಸಿಕೊಳ್ಳುತ್ತ ಅರ್ಧ ಗಂಟೆ ಕೂತು, ಆಮೇಲೆ ಕಣಿವೆಗೆ ಹೊರಡುವ ಅವಕಾಶ ಎರಡು ದಿನದವರಿಗೆ ಮಾತ್ರ ಇರುತ್ತದೆ. ಅನೇಕರು ಆ ಅರ್ಧ ಗಂಟೆಯನ್ನೂ ಬಸ್ಸಿನ ಅವಸರಕ್ಕೆ ಕಳೆದುಕೊಳ್ಳುತ್ತಾರೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಶಿಖರ ಚಾರಣದ ಅನುಭವಗಳನ್ನು ಪ್ರಕಟಿಸುವಾಗ ಪಕ್ಕದಲ್ಲಿ ಚಿಕ್ಕದೊಂದು ಚೌಕಟ್ಟಿಗೆ ಜಾಗ ಕೊಡಬೇಕು. ಅದರಲ್ಲಿ ದಾರಿಯ ದೂರ, ಒಟ್ಟು ಏರಿಕೆ, ಆ ಲೇಖಕರಿಗೇ ನಿಜವಾಗಿ ಹಿಡಿದ ಗಂಟೆಗಳು, ತಂಗುಮನೆಯ ಎತ್ತರ, ಅಲ್ಲಿ ಮೇಲ್ವಿಚಾರಕರಿರುವ ತಿಂಗಳುಗಳು, ನೀರು ಸಿಗುತ್ತದೆಯೇ ಇಲ್ಲವೇ, ಅವರು ಹಿಂದಿರುಗಲು ಗೊತ್ತುಮಾಡಿಕೊಂಡಿದ್ದ ಸಮಯ, ಅನುಮತಿ ಪತ್ರ ಬೇಕಿದ್ದರೆ ಅದರ ವಿವರ ಇಷ್ಟಿದ್ದರೆ ಸಾಕು. ಲೇಖಕರಿಂದ ಈ ವಿವರಗಳನ್ನು ಕೇಳಿ ಪಡೆಯುವುದು ಪತ್ರಿಕೆಗೆ ಕಷ್ಟವಾಗಲಾರದು, ಮತ್ತು ಕೇಳುತ್ತಾರೆಂದು ಗೊತ್ತಿದ್ದರೆ ಹೋಗುವವರೂ ಗಡಿಯಾರ ನೋಡಿಕೊಂಡು ಹೋಗುತ್ತಾರೆ. ಶಿಖರ ಮುಟ್ಟದೆ ತಂಗುಮನೆಯಿಂದಲೇ ಮರಳಿದವರ ಬರಹವೊಂದು ತಮ್ಮ ಬಳಿ ಬಂದರೆ ಅದನ್ನೂ ದಯವಿಟ್ಟು ಪ್ರಕಟಿಸಿ. ಮೇಲೆ ತೆಗೆದ ಚಿತ್ರವಿಲ್ಲವೆಂಬ ಕಾರಣಕ್ಕೆ ಬದಿಗಿಡಬೇಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ